ಯ, ತ, ಭ, ಸ ಬಂದರೆ ಕಪ್ಪು

ಗುಳೇದಗುಡ್ಡದ ನಮ್ಮ ಮನೆಯಲ್ಲಿ ಗ್ರಾಫ್ ಹಾಳೆಗೆ ಯಾವತ್ತೂ ಕೊರತೆ ಇರಲಿಲ್ಲ. ಅಪ್ಪ ಖಣ, ಅಂದರೆ ರವಿಕೆ ಬಟ್ಟೆ, ನೇಯುವವರು. ಖಣದ ಮೇಲಿನ ಚಿತ್ತಾರ, ಬುಟ್ಟಾ, ಮಗ್ಗಕ್ಕೆ ಏರುವ ಮೊದಲು ಹಾಳೆಯ ಮೇಲೆ ಇಳಿಯಬೇಕು. ಹಾಳೆಯ ಒಂದು ಮನೆ ಅಂದರೆ ಒಂದು ಎಳೆ. ಮನೆ ತುಂಬಿದ್ದರೆ ಎಳೆ ಮೇಲೆ ಬರುತ್ತದೆ, ಖಾಲಿ ಇದ್ದರೆ ಕೆಳಗೆ ಉಳಿಯುತ್ತದೆ. ಚಿಕ್ಕವನಿದ್ದಾಗ ಆ ಮನೆಗಳನ್ನು ಪೆನ್ಸಿಲಿನಿಂದ ತುಂಬುವ ಕೆಲಸ ನನ್ನದಾಗಿತ್ತು.

ನಾನು ಮಗ್ಗಕ್ಕೆ ಕೂರಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಆದರೆ ಕಳೆದ ಎರಡು ಬೇಸಿಗೆ ರಜೆಯಲ್ಲಿ ಮತ್ತೆ ಅದೇ ಹಾಳೆ, ಅದೇ ಪೆನ್ಸಿಲ್ ಹಿಡಿದು ಕೂತೆ. ಹಾಗೆ ಕೂರಿಸಿದ್ದು ಸೆಲ್ಯುಲಾರ್ ಆಟೊಮೇಟಾ ಎಂಬ ವಿಷಯ.

ವಿಷಯ ಇಷ್ಟೇ. ಮನೆಗಳ ಒಂದು ಸಾಲು. ಪ್ರತಿ ಮನೆ ಕಪ್ಪು, ಇಲ್ಲವೇ ಬಿಳಿ. ಪ್ರತಿ ಮನೆಯೂ ತನ್ನನ್ನು ಮತ್ತು ಎಡಬಲದ ನೆರೆಮನೆಯನ್ನು ಮಾತ್ರ ನೋಡುತ್ತದೆ. ಅಷ್ಟನ್ನೇ ನೋಡಿಕೊಂಡು ಮುಂದಿನ ಸಾಲಿನಲ್ಲಿ ತಾನು ಕಪ್ಪಾಗಬೇಕೋ ಬಿಳಿಯಾಗಬೇಕೋ ಎಂದು ತೀರ್ಮಾನಿಸುತ್ತದೆ. ಹತ್ತು ಮನೆ ಆಚೆ ಏನು ನಡೆದಿದೆ ಎಂದು ಅದಕ್ಕೆ ಗೊತ್ತಿಲ್ಲ. ಇಡೀ ಚಿತ್ರ ಹೇಗಿದೆ ಎಂದು ಯಾವ ಮನೆಗೂ ಗೊತ್ತಿಲ್ಲ. ಎಲ್ಲ ಮನೆಗೂ ಒಂದೇ ನಿಯಮ. ಒಂದು ಸಾಲು ಮುಗಿದ ಮೇಲೆ ಅದರ ಕೆಳಗೆ ಇನ್ನೊಂದು ಸಾಲು, ಅದರ ಕೆಳಗೆ ಮತ್ತೊಂದು. ನೇಯ್ದ ಹಾಗೆಯೇ ಅಲ್ವಾ?

ನಾನು ಇದನ್ನು ಮೊದಲು ನೋಡಿದ್ದು ಕಂಪ್ಯೂಟರಿನಲ್ಲಿ. ಪೈಥಾನ್‌ನಲ್ಲಿ ಹದಿನೈದು ಸಾಲಿನ ಒಂದು ಪ್ರೋಗ್ರಾಂ ಬರೆದೆ, ಓಡಿಸಿದೆ, ಕಣ್ಣು ಮಿಟುಕಿಸುವುದರೊಳಗೆ ಚಿತ್ರ ಬಂತು. ಚೆಂದ ಇತ್ತು. ಆದರೆ ನನಗೆ ಏನೂ ತಿಳಿಯಲಿಲ್ಲ. ಇನ್ನೊಂದು ನಿಯಮ ಹಾಕಿದೆ, ಇನ್ನೊಂದು ಚಿತ್ರ ಬಂತು. ಒಟ್ಟು 256 ನಿಯಮಗಳಿವೆ, ಒಂದು ಸಂಜೆಯಲ್ಲಿ ಎಲ್ಲವನ್ನೂ ನೋಡಿ ಮುಗಿಸಿದೆ. ಮರುದಿನ ಒಂದೂ ನೆನಪಿರಲಿಲ್ಲ. ಅದರ ಮರುದಿನ ಮಧ್ಯಾಹ್ನ ಕರೆಂಟ್ ಹೋಯಿತು. ಸುಮ್ನೆ ಕೂರಲಾಗದೆ ಅಪ್ಪನ ಗ್ರಾಫ್ ಹಾಳೆ ಎಳೆದುಕೊಂಡು ಕೈಯಲ್ಲೇ ಮಾಡಲು ಶುರು ಮಾಡಿದೆ. ನಿಜವಾದ ಕೆಲಸ ಶುರುವಾದದ್ದು ಅವತ್ತು.

ಕೈಯಲ್ಲಿ ಮಾಡುವಾಗ ಮೊದಲ ತೊಂದರೆ ನಿಯಮವನ್ನು ನೆನಪಿಡುವುದು. ಎಡ, ನಡು, ಬಲ ಎಂದು ಮೂರು ಮನೆ. ಪ್ರತಿಯೊಂದೂ ಕಪ್ಪು ಇಲ್ಲವೇ ಬಿಳಿ. ಎರಡನ್ನು ಮೂರು ಸಲ ಗುಣಿಸಿದರೆ ಎಂಟು. ಎಂಟು ಬಗೆಯ ಜೋಡಣೆ, ಪ್ರತಿಯೊಂದಕ್ಕೂ ಒಂದು ಉತ್ತರ. ಇಪ್ಪತ್ತು ಮನೆ ತುಂಬುವಷ್ಟರಲ್ಲಿ ನನಗೆ ಗೊಂದಲ. ಸೊನ್ನೆ ಒಂದು ಒಂದು, ಒಂದು ಸೊನ್ನೆ ಒಂದು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಹೇಳುತ್ತ ಹೇಳುತ್ತ ಅದು ಎಲ್ಲೋ ಕೇಳಿದ ಲಯದ ಹಾಗೆ ಅನಿಸಿತು. ಲಘು ಗುರು ಗುರು. ಗುರು ಲಘು ಗುರು. ಅರೆ, ಇದು ಅಕ್ಷರಗಣ!

ಎಂಟನೇ ಒಂಬತ್ತನೇ ಇಯತ್ತೆಯಲ್ಲಿ ಕನ್ನಡ ಓದಿದ ಎಲ್ಲರಿಗೂ ಇದು ಗೊತ್ತು. ಮೂರು ಅಕ್ಷರಕ್ಕೆ ಒಂದು ಗಣ, ಪ್ರತಿ ಅಕ್ಷರ ಲಘು ಇಲ್ಲವೇ ಗುರು, ಆದ್ದರಿಂದ ಒಟ್ಟು ಎಂಟು ಗಣ. ಯಮಾತಾರಾಜಭಾನಸಲಗಂ ಎಂದು ಬಾಯಿಪಾಠ ಮಾಡಿದ್ದೇವೆ. ಆ ಸೂತ್ರ ಕೆಲಸ ಮಾಡುವ ರೀತಿಯನ್ನು ಒಮ್ಮೆ ನೋಡಿ. ಯಗಣ ಬೇಕಿದ್ದರೆ ‘ಯ’ದಿಂದ ಮೂರು ಅಕ್ಷರ ತೆಗೆದುಕೊಳ್ಳಿ: ಯ ಮಾ ತಾ, ಲಘು ಗುರು ಗುರು. ಒಂದು ಅಕ್ಷರ ಮುಂದೆ ಸರಿಯಿರಿ: ಮಾ ತಾ ರಾ, ಮೂರೂ ಗುರು, ಮಗಣ. ಮತ್ತೊಂದು ಸರಿಯಿರಿ: ತಾ ರಾ ಜ, ಗುರು ಗುರು ಲಘು, ತಗಣ. ಮೂರು ಮನೆಯ ಒಂದು ಕಿಟಕಿ ಸಾಲಿನ ಮೇಲೆ ಒಂದೊಂದೇ ಮನೆ ಜಾರುತ್ತ ಹೋಗುತ್ತದೆ. ಸೆಲ್ಯುಲಾರ್ ಆಟೊಮೇಟಾದಲ್ಲೂ ನಾವು ಮಾಡುವುದು ಅದನ್ನೇ. ಬಿಳಿ ಮನೆಗೆ ಲಘು, ಕಪ್ಪು ಮನೆಗೆ ಗುರು ಎಂದು ಹೆಸರಿಟ್ಟ ಮೇಲೆ ನನ್ನ ಗೊಂದಲ ಪೂರ್ತಿ ಹೋಯಿತು. ಹೆಸರಿರುವ ಎಂಟು ಗೆಳೆಯರು ಸಿಕ್ಕ ಹಾಗಾಯಿತು.

ನಾನು ಮೊದಲು ಹಿಡಿದದ್ದು 90ನೇ ನಿಯಮ. ಗಣದ ಭಾಷೆಯಲ್ಲಿ ಅದು ಒಂದೇ ಸಾಲು: ಯ, ತ, ಭ, ಸ ಬಂದರೆ ಕಪ್ಪು, ಮ, ನ, ರ, ಜ ಬಂದರೆ ಬಿಳಿ. ಸ್ವಲ್ಪ ಯೋಚಿಸಿದರೆ ಇನ್ನೂ ಸುಲಭ ಆಗುತ್ತದೆ. ಎಡಬಲದ ಮನೆಗಳ ಬಣ್ಣ ಬೇರೆ ಬೇರೆ ಇದ್ದರೆ ಕಪ್ಪು, ಒಂದೇ ಆಗಿದ್ದರೆ ಬಿಳಿ. ಆದರೆ ಕೈ ಓಡುವಾಗ ನನಗೆ ಗಣವೇ ಸಲೀಸು.

ಈ 90 ಎಲ್ಲಿಂದ ಬಂತು ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಗುರುವಿಗೆ 1, ಲಘುವಿಗೆ 0 ಹಾಕಿ ಗಣವನ್ನು ದ್ವಿಮಾನ ಸಂಖ್ಯೆ ಎಂದು ಓದಿ. ಸಗಣ 1, ಜಗಣ 2, ಯಗಣ 3, ಭಗಣ 4, ರಗಣ 5, ತಗಣ 6, ಮಗಣ 7, ನಗಣ 0. ಈಗ ಪ್ರತಿ ಗಣಕ್ಕೂ ಒಂದು ಬೆಲೆ. ನಗಣಕ್ಕೆ 1, ಸಗಣಕ್ಕೆ 2, ಜಗಣಕ್ಕೆ 4, ಯಗಣಕ್ಕೆ 8, ಹೀಗೆ ದುಪ್ಪಟ್ಟು ಆಗುತ್ತ ಮಗಣಕ್ಕೆ 128. ಕಪ್ಪು ಕೊಡುವ ಗಣಗಳ ಬೆಲೆಯನ್ನು ಕೂಡಿಸಿದರೆ ನಿಯಮದ ನಂಬರು. ತ 64, ಭ 16, ಯ 8, ಸ 2. ಒಟ್ಟು 90. ಎಂಟು ಗಣಕ್ಕೂ ಹೌದು-ಇಲ್ಲ ಎಂದು ಎರಡೆರಡು ಆಯ್ಕೆ ಇರುವುದರಿಂದ 256 ನಿಯಮ. ಈ ನಂಬರು ಕೊಡುವ ಪದ್ಧತಿ ವಿಜ್ಞಾನಿ ಸ್ಟೀಫನ್ ವುಲ್ಫ್ರಂ ಅವರದು, 1980ರ ದಶಕದ ಮೊದಲ ವರ್ಷಗಳದ್ದು.

ಹಾಳೆಯ ಮೇಲಿನ ಸಾಲಿನ ನಡುವೆ ಒಂದೇ ಒಂದು ಕಪ್ಪು ಮನೆ ಇಟ್ಟೆ. ಅದು ಸೊನ್ನೆಯ ಸಾಲು. ಮೊದಲನೆಯ ಸಾಲಿಗೆ ಎರಡು ಕಪ್ಪು, ಎರಡನೆಯದಕ್ಕೆ ಎರಡು, ಮೂರಕ್ಕೆ ನಾಲ್ಕು. ನಾಲ್ಕನೆಯ ಸಾಲಿನಲ್ಲಿ ನಡುವೆಲ್ಲ ಖಾಲಿಯಾಗಿ ಮತ್ತೆ ಎರಡೇ ಕಪ್ಪು ಉಳಿದವು, ಒಂದು ಎಡತುದಿ, ಇನ್ನೊಂದು ಬಲತುದಿ. ಏಳನೆಯ ಸಾಲು ಬಂದಾಗ ಒಂದು ಬಿಟ್ಟು ಒಂದು ಕಪ್ಪು, ಒಟ್ಟು ಎಂಟು. ಎಂಟನೆಯ ಸಾಲಿಗೆ ಮತ್ತೆ ಎರಡೇ. ತ್ರಿಕೋನದೊಳಗೆ ತ್ರಿಕೋನ, ಅದರೊಳಗೆ ಇನ್ನೂ ಸಣ್ಣ ತ್ರಿಕೋನ. ಗಣಿತದಲ್ಲಿ ಸಿಯರ್ಪಿನ್‌ಸ್ಕಿ ತ್ರಿಕೋನ ಎನ್ನುತ್ತಾರೆ. ನಾನು ಯಾವ ತ್ರಿಕೋನವನ್ನೂ ಬರೆದಿರಲಿಲ್ಲ. ಯ, ತ, ಭ, ಸ ಎಂದು ಗೊಣಗುತ್ತ ಒಂದೊಂದೇ ಮನೆ ತುಂಬಿದ್ದೆ, ಅಷ್ಟೇ. ತ್ರಿಕೋನ ಎಂಬ ಮಾತೇ ನಿಯಮದಲ್ಲಿ ಇಲ್ಲ. ಅದು ಹಾಳೆಯ ಮೇಲೆ ತಾನೇ ಏಳುವುದನ್ನು ಕಣ್ಣಾರೆ ಕಂಡಾಗ ಮೈ ಜುಮ್ಮೆಂದಿತು. ಕಂಪ್ಯೂಟರಿನಲ್ಲಿ ಅದೇ ಚಿತ್ರ ನೋಡಿದಾಗ ಹಾಗೆ ಆಗಿರಲಿಲ್ಲ.

ಇನ್ನೊಂದು ಮಾತು ಹೇಳಲೇಬೇಕು. ಛಂದಸ್ಸಿನ ಲೆಕ್ಕಕ್ಕಾಗಿ, ಪ್ರಾಚೀನ ಛಂದಶ್ಶಾಸ್ತ್ರಕಾರ ಪಿಂಗಳನ ಸೂತ್ರಗಳಿಗೆ ವ್ಯಾಖ್ಯಾನ ಬರೆದ ಹಲಾಯುಧ 10ನೇ ಶತಮಾನದಲ್ಲಿ ಮೇರು ಪ್ರಸ್ತಾರವನ್ನು ವಿವರಿಸಿದ್ದಾನೆ. ಮೇಲೆ ಒಂದು, ಕೆಳಗೆ ಒಂದು ಒಂದು, ಆಮೇಲೆ ಒಂದು ಎರಡು ಒಂದು, ಒಂದು ಮೂರು ಮೂರು ಒಂದು. ನಾವು ಶಾಲೆಯಲ್ಲಿ ಪಾಸ್ಕಲ್ ತ್ರಿಕೋನ ಎಂದು ಕಲಿಸುವುದು ಇದನ್ನೇ. ಇಷ್ಟು ಅಕ್ಷರದ ಸಾಲಿನಲ್ಲಿ ಇಷ್ಟು ಗುರು ಬರುವ ಬಗೆ ಎಷ್ಟು ಎಂಬ ಪ್ರಶ್ನೆಗೆ ಆ ಮೇರುವಿನಲ್ಲಿ ಉತ್ತರವಿದೆ. ಆ ಮೇರುವಿನಲ್ಲಿ ಬೆಸ ಸಂಖ್ಯೆ ಇರುವ ಕಡೆ ಕಪ್ಪು, ಸಮ ಸಂಖ್ಯೆ ಇರುವ ಕಡೆ ಬಿಳಿ ಹಚ್ಚಿ ನೋಡಿ. ನನ್ನ 90ನೇ ನಿಯಮದ ಚಿತ್ರವೇ ಬರುತ್ತದೆ. ಗಣವನ್ನು ನಾನು ಬರೀ ನೆನಪಿಗೆಂದು ತಂದುಕೊಂಡಿದ್ದೆ. ಕೊನೆಗೆ ಅದು ಛಂದಸ್ಸಿನ ಮನೆಗೇ ಕರೆದುಕೊಂಡು ಹೋಯಿತು. ಇದನ್ನು ತರಗತಿಯಲ್ಲಿ ತೋರಿಸಿದ ದಿನ ನಮ್ಮ ಶಾಲೆಯ ಕನ್ನಡ ಶಿಕ್ಷಕಿ ಕೂಡ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು.

ಈಗ ತಪ್ಪಿನ ಕಥೆ. ನಾನು ಜಾಸ್ತಿ ಕಲಿತದ್ದು ಅದರಿಂದಲೇ.

ಎರಡನೇ ಹಾಳೆಯಲ್ಲಿ ಅದೇ ಚಿತ್ರವನ್ನು ಚೊಕ್ಕವಾಗಿ ಮತ್ತೆ ಬರೆಯುತ್ತಿದ್ದೆ. ಎಂಟನೇ ಸಾಲಿನ ನಟ್ಟನಡುವಿನ ಮನೆಗೆ ಬಂದಾಗ ಮೇಲೆ ಇದ್ದದ್ದು ಗುರು ಲಘು ಗುರು, ರಗಣ. ರ ಬಂದರೆ ಬಿಳಿ. ಆದರೆ ಕೈ ತಪ್ಪಿ ಕಪ್ಪು ಹಾಕಿದೆ, ಗಮನಿಸಲಿಲ್ಲ. ಮುಂದಿನ ಸಾಲುಗಳನ್ನೆಲ್ಲ ನಿಯಮದ ಪ್ರಕಾರ ಸರಿಯಾಗಿಯೇ ತುಂಬಿದೆ. ಒಂಬತ್ತು, ಹತ್ತು, ಹನ್ನೊಂದು. ನಡುವಿನ ಖಾಲಿ ಜಾಗದಲ್ಲಿ ಒಂದು ಸಣ್ಣ ತ್ರಿಕೋನ ಏಳುತ್ತಿತ್ತು. ಚೆಂದವಾಗಿಯೇ ಇತ್ತು, ಹಾಗಾಗಿ ಅನುಮಾನ ಬರಲಿಲ್ಲ. ಹನ್ನೆರಡನೇ ಸಾಲಿಗೆ ಬಂದಾಗ ನಡುವೆ ಒಂದೂ ಕಪ್ಪು ಉಳಿಯಲಿಲ್ಲ. ನಾಲ್ಕು ಕಪ್ಪು ಇರಬೇಕಾದಲ್ಲಿ ಎರಡು ತುದಿಗೆ ಎರಡೇ. ಹದಿನೈದನೇ ಸಾಲಿನಲ್ಲಿ ಹದಿನಾರು ಕಪ್ಪು ಸಾಲಾಗಿ ನಿಲ್ಲಬೇಕಿತ್ತು. ಎಡಕ್ಕೆ ನಾಲ್ಕು, ಬಲಕ್ಕೆ ನಾಲ್ಕು, ನಡುವಿನ ಎಂಟು ಕಾಣೆ.

ಒಂದು ಕಪ್ಪು ಹೆಚ್ಚಿಗೆ ಇಟ್ಟಿದ್ದಕ್ಕೆ ಕೆಳಗೆ ಎಂಟು ಕಪ್ಪು ಅಳಿಸಿಹೋಗಿದ್ದವು. ಯಾಕೆ ಎಂದು ಹುಡುಕುತ್ತ ರಾತ್ರಿ ಹನ್ನೊಂದಾಯಿತು. ಸರಿಯಾದ ಹಾಳೆಯನ್ನೂ ತಪ್ಪಿದ ಹಾಳೆಯನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದೆ. ಎರಡರಲ್ಲೂ ಬೇರೆ ಬೇರೆ ಇರುವ ಮನೆಗಳಿಗೆ ಮಾತ್ರ ಕೆಂಪು ಚುಕ್ಕೆ ಇಟ್ಟೆ. ಕೆಂಪು ಚುಕ್ಕೆಗಳೇ ಸೇರಿ ಇನ್ನೊಂದು ಪೂರ್ತಿ ತ್ರಿಕೋನವಾಗಿದ್ದವು! ತಪ್ಪಿದ ಮನೆಯೇ ಅದರ ತುದಿ. ತಪ್ಪು ತಾನೇ ಒಂದು ಬೀಜವಾಗಿ, ಅದೇ ನಿಯಮದ ಪ್ರಕಾರ ತನ್ನದೇ ತ್ರಿಕೋನ ಬೆಳೆಸಿತ್ತು. ಎರಡು ತ್ರಿಕೋನ ಒಂದರ ಮೇಲೊಂದು ಬಂದಲ್ಲಿ ಕಪ್ಪು ಕಪ್ಪನ್ನು ತಿಂದಿತ್ತು. 90ನೇ ನಿಯಮದ ಗುಣವೇ ಇದು. ಎರಡು ಆರಂಭಗಳನ್ನು ಕೂಡಿಸಿದರೆ ಎರಡರ ಚಿತ್ರಗಳೂ ಕೂಡುತ್ತವೆ, ಕಪ್ಪಿನ ಮೇಲೆ ಕಪ್ಪು ಬಂದರೆ ಬಿಳಿ. ಪುಸ್ತಕದಲ್ಲಿ ಇದನ್ನು ರೇಖೀಯ ಗುಣ ಎಂದು ಒಂದು ಸಾಲಿನಲ್ಲಿ ಓದಬಹುದು. ಕೆಂಪು ಚುಕ್ಕೆ ಇಟ್ಟು ನೋಡಿದವರಿಗೆ ಅದು ಮರೆಯುವುದಿಲ್ಲ.

ಆಮೇಲೆ 30ನೇ ನಿಯಮ. 90ರಿಂದ 64 ತೆಗೆದು 4 ಕೂಡಿಸಿದರೆ 30. ಅಂದರೆ ತಗಣವನ್ನು ತೆಗೆದು ಜಗಣವನ್ನು ಸೇರಿಸುವುದು, ಅಷ್ಟೇ. ಯ, ಜ, ಭ, ಸ ಬಂದರೆ ಕಪ್ಪು. ಎಂಟರಲ್ಲಿ ಎರಡೇ ಗಣ ಅದಲುಬದಲು. ಅದೇ ಒಂದು ಕಪ್ಪು ಮನೆಯಿಂದ ಶುರು ಮಾಡಿದೆ. ಮೊದಲ ಸಾಲಿಗೆ ಮೂರು ಕಪ್ಪು. ಎರಡನೆಯದು ಕಪ್ಪು ಕಪ್ಪು ಬಿಳಿ ಬಿಳಿ ಕಪ್ಪು. ಮೂರನೆಯದು ಕಪ್ಪು ಕಪ್ಪು ಬಿಳಿ, ಆಮೇಲೆ ನಾಲ್ಕು ಕಪ್ಪು. ಎಡದ ಅಂಚಿನಲ್ಲಿ ಏನೋ ಒಂದು ಓರೆ ಪಟ್ಟೆಗಳ ಶಿಸ್ತು ಇದೆ. ಬಲಕ್ಕೆ ಹೋದ ಹಾಗೆ ಏನೂ ಹಿಡಿತಕ್ಕೆ ಸಿಗುವುದಿಲ್ಲ. ದೊಡ್ಡ ತ್ರಿಕೋನ, ಸಣ್ಣ ತ್ರಿಕೋನ, ಯಾವುದು ಎಲ್ಲಿ ಬರುತ್ತದೆ ಎಂದು ಹೇಳಲಾಗದು. ನಟ್ಟನಡುವಿನ ಕಾಲಮ್ಮನ್ನು ಮೇಲಿನಿಂದ ಕೆಳಗೆ ಓದಿದೆ: 1, 1, 0, 1, 1, 1, 0, 0, 1, 1, 0, 0, 0, 1. ನಾಣ್ಯ ಚಿಮ್ಮಿ ಬರೆದ ಹಾಗೆ. ಈ ನಿಯಮವನ್ನು ಮ್ಯಾಥಮೆಟಿಕಾ ಎಂಬ ತಂತ್ರಾಂಶದಲ್ಲಿ ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸಲು ಬಳಸಿದ್ದಾರೆ. ಈ ನಡುಕಾಲಮ್ಮಿನ ಬಗ್ಗೆಯೇ ಮೂರು ಪ್ರಶ್ನೆ ಇಟ್ಟು ವುಲ್ಫ್ರಂ 2019ರಲ್ಲಿ ಒಟ್ಟು 30,000 ಡಾಲರ್ ಬಹುಮಾನ ಘೋಷಿಸಿದರು. ಮೊದಲ ಪ್ರಶ್ನೆ ನಮ್ಮ ಒಂಬತ್ತನೇ ತರಗತಿಯ ಮಕ್ಕಳಿಗೂ ಅರ್ಥವಾಗುತ್ತದೆ: ಆ ಕಾಲಮ್ಮು ಮುಂದೆ ಎಂದಾದರೂ ಒಂದೇ ತುಣುಕನ್ನು ತಿರುಗಿ ತಿರುಗಿ ಹೇಳಲು ಶುರು ಮಾಡುತ್ತದೆಯೇ, ಇಲ್ಲವೇ?

30ರಲ್ಲೂ ನನ್ನ ಕೈ ತಪ್ಪಿತು. ಎಷ್ಟೋ ಸಾಲು ಮುಂದೆ ಹೋದ ಮೇಲೂ ನನಗೆ ಗೊತ್ತಾಗಲಿಲ್ಲ. ಕರೆಂಟ್ ಬಂದ ಮೇಲೆ ಕಂಪ್ಯೂಟರಿನ ಜೊತೆ ಹೋಲಿಸಿದಾಗಲೇ ಸಿಕ್ಕಿದ್ದು. ಇಲ್ಲೂ ಕೆಂಪು ಚುಕ್ಕೆ ಇಟ್ಟೆ. ಬಲಕ್ಕೆ ಮಾತ್ರ ತಪ್ಪು ಪ್ರತಿ ಸಾಲಿಗೂ ಒಂದೊಂದು ಮನೆ ನಿಲ್ಲದೆ ಓಡಿತ್ತು. ಉಳಿದ ಚುಕ್ಕೆಗಳಿಗೆ ಯಾವ ಆಕಾರವೂ ಇರಲಿಲ್ಲ. 90ರ ಹಾಳೆಯಲ್ಲಿ ತಪ್ಪು ಕಣ್ಣಿಗೆ ಕಾಣುತ್ತದೆ, 30ರ ಹಾಳೆಯಲ್ಲಿ ಕಾಣುವುದಿಲ್ಲ. ಈ ಎರಡು ಹಾಳೆಗಳ ನಡುವಿನ ಅಂತರ ಬರೀ ತ ಮತ್ತು ಜ. ಎಷ್ಟೋ ದಿನ ಇದೇ ತಲೆಯಲ್ಲಿತ್ತು. ಈಗಲೂ ಇದೆ.

110ನೇ ನಿಯಮದಲ್ಲಿ ಐದು ಗಣ ಕಪ್ಪು: ಯ, ತ, ರ, ಜ, ಸ. ಇದು ಎಡಕ್ಕೆ ಮಾತ್ರ ಬೆಳೆಯುತ್ತದೆ. 30ರ ಹಾಗೆ ಪೂರ್ತಿ ಕಲಸಿಹೋಗುವುದೂ ಇಲ್ಲ, 90ರ ಹಾಗೆ ಅಚ್ಚುಕಟ್ಟೂ ಅಲ್ಲ. ಸರಿಯಾದ ಆರಂಭದ ಸಾಲು ಕೊಟ್ಟರೆ ಕಂಪ್ಯೂಟರ್ ಮಾಡಬಲ್ಲ ಯಾವ ಲೆಕ್ಕವನ್ನಾದರೂ ಈ ಒಂದು ನಿಯಮದಿಂದಲೇ ಮಾಡಿಸಬಹುದು ಎಂದು ಮ್ಯಾಥ್ಯೂ ಕುಕ್ ಸಾಧಿಸಿ ತೋರಿಸಿದ್ದಾರೆ. ಆ ಪ್ರಬಂಧ ಪ್ರಕಟವಾದದ್ದು 2004ರಲ್ಲಿ. ನಾನು ಕೈಯಲ್ಲಿ ನಲವತ್ತು ಸಾಲು ಮಾಡಿ ನಿಲ್ಲಿಸಿದೆ. ಇದಕ್ಕೆ ನಿಜಕ್ಕೂ ಕಂಪ್ಯೂಟರೇ ಬೇಕು, ನೂರಾರು ಸಾಲು ಹೋದ ಮೇಲೇ ಇದರ ಗಮ್ಮತ್ತು.

ಕಂಪ್ಯೂಟರಿನಲ್ಲಿ ಮಾಡುವವರಿಗೆ ಒಂದು ಸಲಹೆ. ಪ್ರೋಗ್ರಾಂ ಬರೆಯಲು ಬಾರದಿದ್ದರೂ ಚಿಂತೆಯಿಲ್ಲ, ಎಕ್ಸೆಲ್ ಸಾಕು. ಮೇಲಿನ ಸಾಲಿನ ಎಡಮನೆ ಮತ್ತು ಬಲಮನೆ ಕೂಡಿಸಿ, ಎರಡರಿಂದ ಭಾಗಿಸಿ ಉಳಿದ ಶೇಷವನ್ನು ಕೆಳಗಿನ ಮನೆಯಲ್ಲಿ ಬರೆಯುವ ಸೂತ್ರ ಹಾಕಿದರೆ ಅದೇ 90. ಒಂದು ಇರುವ ಮನೆಗೆ ಕಪ್ಪು ಬಣ್ಣ ಬರುವ ಹಾಗೆ ಮಾಡಿ, ಸೂತ್ರವನ್ನು ಬಲಕ್ಕೂ ಕೆಳಕ್ಕೂ ಎಳೆಯಿರಿ. ಯಾವ ನಿಯಮಕ್ಕಾದರೂ ಹೊಂದುವ ಸೂತ್ರ ಬೇಕಿದ್ದರೆ, ಎಡಮನೆಗೆ 4, ನಡುಮನೆಗೆ 2, ಬಲಮನೆಗೆ 1 ಎಂದು ಗುಣಿಸಿ ಕೂಡಿಸಿ. ಸೊನ್ನೆಯಿಂದ ಏಳರವರೆಗಿನ ಒಂದು ಸಂಖ್ಯೆ ಬರುತ್ತದೆ. ಆ ಗಣಕ್ಕೆ ಏನು ಉತ್ತರ ಎಂದು ಪಕ್ಕದ ಪಟ್ಟಿಯಲ್ಲಿ ನೋಡಿಕೊಂಡರಾಯಿತು. ಆದರೆ ಮೊದಲ ಹದಿನಾರು ಸಾಲನ್ನು ಕೈಯಲ್ಲಿ ಮಾಡದೆ ಎಕ್ಸೆಲ್ ತೆರೆಯಬೇಡಿ. ಇದನ್ನು ನಾನು ಹಟ ಹಿಡಿದು ಹೇಳುತ್ತೇನೆ.

ಮಕ್ಕಳಿಗೆ ಮಾತ್ರ ಸಾಲಿಗಿಂತ ಚೌಕ ಇಷ್ಟ. ಅವರಿಗಾಗಿ ಪಡಸಾಲೆಯಲ್ಲಿ ಸುಣ್ಣದ ಕಡ್ಡಿಯಿಂದ ಹನ್ನೆರಡಕ್ಕೆ ಹನ್ನೆರಡು ಮನೆ ಬರೆದು ಗಣಿತಜ್ಞ ಜಾನ್ ಕಾನ್ವೇಯವರ ಗೇಮ್ ಆಫ್ ಲೈಫ್ ಆಡಿಸಿದೆ. ಇಲ್ಲಿ ಪ್ರತಿ ಮನೆಗೂ ಸುತ್ತ ಎಂಟು ನೆರೆಮನೆ. ಖಾಲಿ ಮನೆಯ ಸುತ್ತ ಸರಿಯಾಗಿ ಮೂರು ಜೀವ ಇದ್ದರೆ ಅಲ್ಲೊಂದು ಹುಟ್ಟುತ್ತದೆ. ಇರುವ ಜೀವಕ್ಕೆ ಎರಡೋ ಮೂರೋ ನೆರೆಯವರಿದ್ದರೆ ಬದುಕುತ್ತದೆ, ಕಡಿಮೆಯಾದರೂ ಜಾಸ್ತಿಯಾದರೂ ಸಾಯುತ್ತದೆ. ಮಾರ್ಟಿನ್ ಗಾರ್ಡ್ನರ್ 1970ರ ಅಕ್ಟೋಬರ್‌ನಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದ ಮೇಲೆ ಇದು ಜಗತ್ತಿಗೆಲ್ಲ ಹಬ್ಬಿತು. ಜೀವಗಳ ಸಂಖ್ಯೆ ಮಿತಿಯಿಲ್ಲದೆ ಬೆಳೆಯುವ ಆರಂಭ ಒಂದಿದೆಯೇ ಎಂಬ ಪ್ರಶ್ನೆಗೆ ಕಾನ್ವೇ 50 ಡಾಲರ್ ಇಟ್ಟಿದ್ದರು. ಅದೇ ನವೆಂಬರ್‌ನಲ್ಲಿ ಎಂಐಟಿಯ ಬಿಲ್ ಗಾಸ್ಪರ್ ತಂಡ ಅದನ್ನು ಕಂಡುಹಿಡಿಯಿತು. ಪ್ರತಿ 30 ಹೆಜ್ಜೆಗೆ ಒಂದು ಗ್ಲೈಡರ್, ಅಂದರೆ ಓರೆಯಾಗಿ ಸರಿಯುತ್ತ ಹೋಗುವ ಐದು ಜೀವದ ಗುಂಪು, ಹಾರಿಸುವ ಬಂದೂಕು ಅದು.

ನಾವು ಜೀವಕ್ಕೆ ಜೋಳದ ಕಾಳು ಬಳಸಿದೆವು. ಮೊದಲ ದಿನ ಆಟ ಕೆಟ್ಟಿತು. ಒಬ್ಬ ಹುಡುಗ ಸತ್ತ ಕಾಳನ್ನು ಆಗಲೇ ಎತ್ತುತ್ತಿದ್ದ. ಎತ್ತಿದ ತಕ್ಷಣ ಪಕ್ಕದ ಮನೆಯ ಲೆಕ್ಕ ಬದಲಾಗುತ್ತಿತ್ತು. ಎಲ್ಲ ಮನೆಗಳೂ ಹಳೆಯ ಹೊತ್ತನ್ನೇ ನೋಡಿ ಒಟ್ಟಿಗೆ ಬದಲಾಗಬೇಕು, ಇದೇ ಈ ವಿದ್ಯೆಯ ಪ್ರಾಣ. ಮರುದಿನದಿಂದ ಹುಟ್ಟುವ ಮನೆಗೆ ಹೆಸರುಕಾಳು, ಸಾಯುವ ಜೋಳದ ಪಕ್ಕ ಒಂದು ಕಡಲೆ ಇಟ್ಟೆವು. ಪೂರ್ತಿ ನೋಡಿ ಮುಗಿದ ಮೇಲೆ ಕಡಲೆ ಇರುವ ಕಡೆ ಎಲ್ಲ ಎತ್ತುವುದು, ಹೆಸರಿನ ಜಾಗಕ್ಕೆ ಜೋಳ ಹಾಕುವುದು. ಐದು ಕಾಳಿನ ಗ್ಲೈಡರ್ ನಾಲ್ಕು ಹೆಜ್ಜೆಗೆ ಓರೆಯಾಗಿ ಒಂದು ಮನೆ ಸರಿಯಿತು. ಅದೇ ಆಕಾರ, ಆದರೆ ಬೇರೆ ಕಾಳುಗಳು. ಯಾವ ಕಾಳೂ ನಡೆದಿರಲಿಲ್ಲ, ಆದರೂ ಗ್ಲೈಡರ್ ನಡೆದಿತ್ತು. ಆರನೇ ತರಗತಿಯ ಒಬ್ಬಳು ಹೇಳಿದಳು, ‘ಸರ್, ಇದು ಕೆರೆಯಾಗಿನ ತೆರಿ ಇದ್ದಂಗ ಐತಿ.’ ನಾನು ಅದಕ್ಕಿಂತ ಚೆನ್ನಾಗಿ ವಿವರಿಸಲಾರೆ.

ಮಗ್ಗದ ವಿಷಯಕ್ಕೆ ಬರುತ್ತೇನೆ. 90ನೇ ನಿಯಮದ ಹಾಳೆಯನ್ನು ಅಪ್ಪನಿಗೆ ತೋರಿಸಿದೆ. ಅವರು ಮೊದಲು ನೋಡಿದ್ದು ಕಪ್ಪನ್ನಲ್ಲ, ಬಿಳಿಯನ್ನು. ಬೆರಳಿನಿಂದ ನಡುವಿನ ಕಾಲಮ್ಮಿನ ಮೇಲೆ ಇಳಿದರು. ‘ಈ ಎಳಿ ಮ್ಯಾಲ ಒಮ್ಮೆ ಬರತೈತಿ, ಆಮ್ಯಾಲೆ ಬರೂದ ಇಲ್ಲಲ್ಲ?’ ಎಂದರು. ನಿಜ. 90ನೇ ನಿಯಮದಲ್ಲಿ ಸೊನ್ನೆಯ ಸಾಲು ಬಿಟ್ಟರೆ ನಟ್ಟನಡುವಿನ ಮನೆ ಮತ್ತೆಂದೂ ಕಪ್ಪಾಗುವುದಿಲ್ಲ. ಎಡಬಲ ಎರಡೂ ಯಾವಾಗಲೂ ಕನ್ನಡಿಯ ಹಾಗೆ ಒಂದೇ ಇರುತ್ತವಲ್ಲ. ಖಣದ ಬುಟ್ಟಾ ಮೂಡಿಸುವ ಹೆಚ್ಚಿನ ಎಳೆ ಮೇಲೆ ಬರದಿದ್ದರೆ ಬಟ್ಟೆಯ ಹಿಂಬದಿಯಲ್ಲಿ ಸಡಿಲವಾಗಿ ತೇಲುತ್ತದೆ. ತೇಲಿದ್ದು ಬಳೆಗೆ ಸಿಕ್ಕಿ ಹರಿಯುತ್ತದೆ. ನಾನು 64 ಸಾಲಿನ ದೊಡ್ಡ ತ್ರಿಕೋನ ನೇಯಿಸಬೇಕು ಎಂದುಕೊಂಡಿದ್ದೆ. ಅದು ಆಗುವ ಮಾತಲ್ಲ ಎಂದು ಅವರ ಒಂದು ಬೆರಳು ಹೇಳಿತು.

ನಡುನಡುವೆ ಒಂದೊಂದು ಚುಕ್ಕೆ ಕೊಟ್ಟು ಎಳೆಯನ್ನು ಕಟ್ಟಿ ಹಾಕೋಣ ಎಂದರು. ಅದು ನೇಕಾರರ ಮಾಮೂಲಿ ಉಪಾಯ. ನಾನು ಒಪ್ಪಲಿಲ್ಲ, ಆ ಚುಕ್ಕೆ ನಿಯಮದಲ್ಲಿ ಇಲ್ಲ ಎಂದೆ. ಎರಡು ದಿನ ಮಾತು ನಿಂತ ಹಾಗಿತ್ತು. ಕೊನೆಗೆ ಹಾದಿ ಸಿಕ್ಕಿದ್ದು ಅವರಿಗೇ. ಸೊನ್ನೆಯಿಂದ ಹದಿನೈದರವರೆಗೆ ಹದಿನಾರು ಸಾಲು ಮಾತ್ರ ತೆಗೆದುಕೊಂಡು, ಅದನ್ನೇ ತಿರುಗಿ ತಿರುಗಿ ನೇಯುವುದು. ಅಗಲ 31 ಎಳೆ. ಲೆಕ್ಕ ಹಾಕಿ ನೋಡಿದೆ. ಹದಿನಾರು ಸಾಲಿನೊಳಗೆ 31ರಲ್ಲಿ ಪ್ರತಿ ಎಳೆಯೂ ಒಮ್ಮೆಯಾದರೂ ಮೇಲೆ ಬರುತ್ತದೆ, ತ್ರಿಕೋನದ ಅಂಚೇ ಅದನ್ನು ಮೇಲೆ ತರುತ್ತದೆ. ಹೆಚ್ಚೆಂದರೆ ಹದಿನೈದು ಸಾಲಿನಷ್ಟು ತೇಲುತ್ತದೆ. ‘ಅಷ್ಟು ನಡೀತೈತಿ’ ಎಂದರು ಅಪ್ಪ. ನಿಯಮವೂ ಉಳಿಯಿತು, ಬಟ್ಟೆಯೂ ಉಳಿಯಿತು.

ಸಾಲಿಗೊಂದರಂತೆ ಹದಿನಾರು ಕಾರ್ಡು, ಅಂದರೆ ಮಗ್ಗಕ್ಕೆ ಚಿತ್ರ ಹೇಳುವ ತೂತಿನ ರಟ್ಟು, ಹೊಡೆಸಿದೆವು. ಜಕಾರ್ಡ್ ಕಾರ್ಡಿನಲ್ಲಿ ತೂತು ಇದ್ದಲ್ಲಿ ಹುಕ್ಕು ಎಳೆಯನ್ನು ಎತ್ತುತ್ತದೆ, ಇಲ್ಲದಿದ್ದಲ್ಲಿ ಇಲ್ಲ. ಮೊದಲ ತುಂಡು ನೇಯ್ದು ಬಂದಾಗ ಹನ್ನೊಂದನೇ ಸಾಲಿನಲ್ಲಿ ಒಂದು ತೂತು ಬಿಟ್ಟುಹೋಗಿದ್ದು ಅಪ್ಪನ ಕಣ್ಣಿಗೆ ಬಿತ್ತು. ಪ್ರತಿ ತ್ರಿಕೋನದಲ್ಲೂ ಅದೇ ಜಾಗದಲ್ಲಿ ಒಂದು ಎಳೆ ಇಲ್ಲ. ಆದರೆ ಅದರ ಕೆಳಗಿನ ಸಾಲುಗಳೆಲ್ಲ ಸರಿಯಾಗಿದ್ದವು! ನನ್ನ ಹಾಳೆಯಲ್ಲಿ ಒಂದು ತಪ್ಪು ಎಂಟು ಮನೆ ತಿಂದಿತ್ತು, ಇಲ್ಲಿ ತಪ್ಪು ಇದ್ದಲ್ಲೇ ಉಳಿದಿದೆ. ಅಪ್ಪ ಒಂದೇ ಮಾತಿನಲ್ಲಿ ಬಿಡಿಸಿದರು: ‘ನೀ ಮ್ಯಾಲಿನ ಸಾಲು ನೋಡಿ ಕೆಳಗಿಂದು ಬರೀತಿ. ಮಗ್ಗ ಮ್ಯಾಲಿನ ಸಾಲು ನೋಡೂದಿಲ್ಲ, ಕಾರ್ಡು ನೋಡತೈತಿ.’ ಹೌದಲ್ಲ. ಮಗ್ಗಕ್ಕೆ ಇಡೀ ಚಿತ್ರವನ್ನು ಮೊದಲೇ ಬರೆದು ಕೊಟ್ಟಿರುತ್ತೇವೆ. ನಿಯಮಕ್ಕೆ ಯಾರೂ ಚಿತ್ರ ಕೊಟ್ಟಿರುವುದಿಲ್ಲ, ಅದು ಹಿಂದಿನ ಸಾಲಿನಿಂದಲೇ ಮುಂದಿನದನ್ನು ಹೆರಬೇಕು. ನೇಯುವುದೂ ಇದೂ ಒಂದೇ ಎಂದು ಅಲ್ಲಿಯವರೆಗೆ ಅಂದುಕೊಂಡಿದ್ದೆ. ಅಲ್ಲ. ನಮ್ಮ ಅಜ್ಜಿಯ ಕಸೂತಿ ಇದಕ್ಕೆ ಹೆಚ್ಚು ಹತ್ತಿರ. ಅಚ್ಚು ಹಾಕದೆ ಎಳೆ ಎಣಿಸಿ ಹಾಕುವ ಆ ಹೊಲಿಗೆಯಲ್ಲಿ ಒಂದು ಕಡೆ ಎಣಿಕೆ ತಪ್ಪಿದರೆ ಮುಂದಿನದೆಲ್ಲ ಸರಿಯುತ್ತ ಹೋಗುತ್ತದೆ.

ಕಾರ್ಡು ಸರಿ ಮಾಡಿಸಿ ನೇಯ್ದ ಖಣ ಈಗ ನಮ್ಮ ಮನೆಯಲ್ಲಿದೆ. ಹಸಿರು ನೆಲ, ಕೆಂಪು ತ್ರಿಕೋನ. ಅವ್ವ ಅದನ್ನು ಉಡಿ ತುಂಬಲು ಮಡಚುವ ಹಾಗೆ ಮುಕ್ಕೋನವಾಗಿ ಮಡಚಿ ಟ್ರಂಕಿನಲ್ಲಿ ಇಟ್ಟಿದ್ದಾರೆ.

ಅದಾದ ಮೇಲೆ ಅಪ್ಪ ಒಂದು ಹಾಳೆ ಕೇಳಿದರು. ‘ಮ್ಯಾಲಿನ ಸಾಲಿಗೆ ಒಂದ ಕಪ್ಪು ಇಡಬೇಕಂತ ಏನರ ಐತೇನು?’ ಇಲ್ಲ, ಏನು ಬೇಕಾದರೂ ಇಡಬಹುದು ಎಂದೆ. ಅವರು ತಾವು ಬಹಳ ವರ್ಷದಿಂದ ನೇಯುತ್ತಿದ್ದ ಒಂದು ಬುಟ್ಟಾದ ಅಡಿಸಾಲನ್ನು ಇಟ್ಟರು. ಹನ್ನೊಂದು ಮನೆ: ಎರಡು ಕಪ್ಪು, ಆಮೇಲೆ ಒಂದು ಬಿಟ್ಟು ಒಂದು ಮೂರು ಕಪ್ಪು, ಒಂದು ಬಿಳಿ, ಕೊನೆಗೆ ಮತ್ತೆ ಎರಡು ಕಪ್ಪು. ಗಣ ಅವರಿಗೆ ಬೇಡ. ಎಡಬಲ ಬೇರೆ ಇದ್ದರೆ ಕಪ್ಪು ಎಂಬುದು ಸಾಕಾಯಿತು. ದಿನಾ ಸಂಜೆ ಮಗ್ಗದಿಂದ ಎದ್ದು, ಚಹಾ ಕುಡಿದು, ಎರಡೋ ಮೂರೋ ಸಾಲು. ನಾಲ್ಕನೇ ಸಾಲಿನಲ್ಲಿ ಎಲ್ಲ ಕಲಸಿತು, ‘ಕೆಡ್ತು’ ಎಂದರು. ಆದರೂ ಬಿಡಲಿಲ್ಲ. ಮೂರನೇ ಸಂಜೆ ಎಂಟನೇ ಸಾಲು ಮುಗಿಸಿ ನನ್ನನ್ನು ಕೂಗಿದರು. ಹಾಳೆಯನ್ನು ನನ್ನ ಕೈಗೆ ಕೊಡಲಿಲ್ಲ, ತಾವೇ ಹಿಡಿದು ಬೆರಳಿಟ್ಟು ತೋರಿಸಿದರು. ಅವರ ಬುಟ್ಟಾದ ಸಾಲು, ಒಂದು ಮನೆಯೂ ಆಚೀಚೆ ಆಗದೆ, ತಿರುಗಿ ಬಂದಿತ್ತು. ಎಡಕ್ಕೆ ಒಂದು, ಬಲಕ್ಕೆ ಒಂದು, ನಡುವೆ ಐದು ಮನೆ ಖಾಲಿ.

‘ನಾ ಒಂದ ಇಟ್ಟಿದ್ದೆ’ ಎಂದರು.

ಹದಿನಾರನೇ ಸಾಲಿಗೆ ಮತ್ತೆ ಹಾಗೆಯೇ ಬರುತ್ತದೆ ಎಂದು ನನಗೆ ಗೊತ್ತು. ಯಾಕೆ ಬರುತ್ತದೆ ಎಂದೂ ಗೊತ್ತು. ಹೇಳಲಿಲ್ಲ. ಅವರು ಈಗ ಹದಿಮೂರರಲ್ಲಿ ಇದ್ದಾರೆ.